ಹಳೆಯ ಡೀಸೆಲ್ ಸ್ವಿಫ್ಟ್: ರೀಮ್ಯಾಪ್ ಮೊದಲೋ, ರಿಪೇರಿ ಮೊದಲೋ?

ಪ್ರಶ್ನೆ – ಕೊಪ್ಪದ ಡೀಸೆಲ್

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಹೊತ್ತಿಗೆ 2013ರ ಮಾದರಿಯ ಸ್ವಿಫ್ಟ್ ವಿಡಿಐ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಮೀಟರ್ 1,30,000 ಕಿ.ಮೀ. ತೋರಿಸುತ್ತಿದೆ, ಹಿಂದಿನ ಮಾಲೀಕರು ಮಾಡಿಸಿದ ಸರ್ವಿಸ್‌ಗಳ ದಾಖಲೆ ಅರ್ಧದಷ್ಟು ಮಾತ್ರ ಸಿಕ್ಕಿದೆ. ಮನೆಯಲ್ಲಿ ದಿನಬಳಕೆಗೆ ಬೇರೆ ಗಾಡಿ ಇರುವುದರಿಂದ ಇದನ್ನು ಹವ್ಯಾಸಕ್ಕೆಂದೇ ಇಟ್ಟುಕೊಂಡಿದ್ದು, ಭಾನುವಾರಗಳಲ್ಲಿ ನನ್ನ ಕೈಲಾದ ಕೆಲಸಗಳನ್ನು ಅಂಗಳದಲ್ಲೇ ಮಾಡಿಕೊಳ್ಳುತ್ತೇನೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಾಯಿಸುವ ಮಟ್ಟಿಗೆ ಕೈ ಪಳಗಿದೆ.

ಉಡುಪಿಯ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಕಾರು ತಿರುವುಗಳಲ್ಲಿ ಸೋಲುತ್ತದೆ. ಎರಡನೇ ಗೇರಿನಲ್ಲಿ ವೇಗ ಇಳಿದು ಎಂಜಿನ್ 2,000 ಆರ್‌ಪಿಎಂಗಿಂತ ಕೆಳಗೆ ಬಂದರೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಎಳೆತ ಬರುತ್ತದೆ, ಜೊತೆಗೆ ಹಿಂದೆ ಒಂದಿಷ್ಟು ಕಪ್ಪು ಹೊಗೆಯೂ ಕಾಣುತ್ತದೆ. ಇದಕ್ಕೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್, ಎಂದರೆ ಅದರ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿ, ಶಂಕುವಿನಾಕಾರದ ಏರ್ ಫಿಲ್ಟರ್ ಹಾಗೂ ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿಸಿ, ಚಕ್ರಗಳನ್ನು 16 ಇಂಚಿನ ಅಲಾಯ್‌ಗೆ ಬದಲಾಯಿಸುವ ಯೋಚನೆಯಿದೆ. ಕೈಯಲ್ಲಿರುವುದು 60,000 ರೂಪಾಯಿ. ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಬಿಡಬೇಕು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಹಳೇ ಸ್ಪ್ಯಾನರ್

ಕೊಪ್ಪದವರಿಗೆ ನಮಸ್ಕಾರ. ನಿಮ್ಮ ಪಟ್ಟಿಯಲ್ಲಿರುವ ನಾಲ್ಕನ್ನೂ ಸದ್ಯಕ್ಕೆ ಬದಿಗಿಡಿ ಎನ್ನುವುದು ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಕಾರಿನಲ್ಲಿರುವುದು ಫಿಯೆಟ್ ವಿನ್ಯಾಸದ 1,248 ಸಿಸಿ ಮಲ್ಟಿಜೆಟ್ ಎಂಜಿನ್. ಇದೇ ಎಂಜಿನ್ ರಿಟ್ಜ್, ಡಿಜೈರ್, ಫಿಯೆಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾಗಳಲ್ಲೂ ಇತ್ತು. ಹಾಗಾಗಿ ಮಾರುತಿಯವರು 2020ರಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದರೂ ಬಿಡಿಭಾಗಗಳಿಗೆ ಕೊರತೆಯಿಲ್ಲ, ಕೈ ಪಳಗಿದ ಮೆಕ್ಯಾನಿಕ್‌ಗಳಿಗೂ ಕೊರತೆಯಿಲ್ಲ. ಇದರ ಶಕ್ತಿ 4,000 ಆರ್‌ಪಿಎಂನಲ್ಲಿ 75 ಪಿಎಸ್, ಟಾರ್ಕ್ (ತಿರುಗಿಸುವ ಬಲ) 2,000 ಆರ್‌ಪಿಎಂನಲ್ಲಿ 190 ಎನ್‌ಎಂ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಈ ಎರಡನೆಯ ಅಂಕಿಯಲ್ಲೇ ಇದೆ. ಇಷ್ಟು ಸಣ್ಣ ಎಂಜಿನ್ಗೆ ಬಲ ಬರುವುದೇ ಒಳಕ್ಕೆ ಗಾಳಿ ತುಂಬುವ ಟರ್ಬೊದಿಂದ; ಟರ್ಬೊ ತಿರುಗಬೇಕಾದರೆ ಸಾಕಷ್ಟು ಎಕ್ಸಾಸ್ಟ್ ಅನಿಲ ಬೇಕು; 2,000ಕ್ಕಿಂತ ಕೆಳಗೆ ಅಷ್ಟು ಅನಿಲ ಹುಟ್ಟುವುದಿಲ್ಲ. ಆದ್ದರಿಂದ ಒಂದಿಷ್ಟು ಸೋಲು ಈ ಎಂಜಿನ್‌ನ ಹುಟ್ಟುಗುಣ, ಅದನ್ನು ಯಾರೂ ಪೂರ್ತಿ ಹೋಗಲಾಡಿಸಲಾರರು.

ಆದರೆ ನೀವು ಹೇಳುತ್ತಿರುವ ಕಪ್ಪು ಹೊಗೆ ಹುಟ್ಟುಗುಣವಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಪ್ಪು ಹೊಗೆ ಎಂದರೆ ಸುರಿದ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ ಎಂದರ್ಥ. ಗಾಳಿ ಎಲ್ಲಿ ಕಡಿಮೆಯಾಗುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು. ಏರ್ ಫಿಲ್ಟರ್ ತೆಗೆದು ನೋಡಿ. ಟರ್ಬೊದಿಂದ ಎಂಜಿನ್ಗೆ ಗಾಳಿ ಒಯ್ಯುವ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಬಾಗಿಸಿ ಪರೀಕ್ಷಿಸಿ. ಹತ್ತು ವರ್ಷ ದಾಟಿದ ಹೋಸು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಕ್ಲಿಪ್ಪಿನ ಅಡಿಯಲ್ಲಿ ಸೀಳಿರುತ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಅಲ್ಲಿ ಎಣ್ಣೆಯ ಜಿಡ್ಡಿನೊಂದಿಗೆ ಧೂಳು ಅಂಟಿಕೊಂಡಿದ್ದರೆ ಸೋರಿಕೆ ಅಲ್ಲೇ ಎಂದು ತಿಳಿಯಿರಿ.

ಮೂರನೆಯದು, ಬಹುಪಾಲು ಕಾರುಗಳಲ್ಲಿ ನಿಜವಾದ ಅಪರಾಧಿ, ಇಜಿಆರ್ ವಾಲ್ವ್. ಸುಟ್ಟ ಅನಿಲದ ಒಂದು ಭಾಗವನ್ನು ಇದು ಮತ್ತೆ ಎಂಜಿನ್ನಿನೊಳಕ್ಕೆ ಬಿಡುತ್ತದೆ. ಆ ಅನಿಲದ ಮಸಿಯೂ ಎಂಜಿನ್ನಿನ ಉಸಿರುಕೊಳವೆಯಿಂದ ಬರುವ ಎಣ್ಣೆಯ ಆವಿಯೂ ಬೆರೆತು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ಡಾಂಬರಿನಂಥ ಪದರ ಕಟ್ಟುತ್ತದೆ. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಒಮ್ಮೆಯೂ ಬಿಚ್ಚದ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ದಾರಿ ಎಷ್ಟು ಕಿರಿದಾಗಿರುತ್ತದೆ ಎಂಬುದನ್ನು ಬಿಚ್ಚಿ ನೋಡಿದವರೇ ನಂಬಬೇಕು. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿದ್ದರೆ, ನೀವು ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲೂ ತಾಜಾ ಗಾಳಿಯ ಜಾಗವನ್ನು ಸುಟ್ಟ ಅನಿಲವೇ ತುಂಬುತ್ತದೆ. ಕಾರ್ಬ್ ಕ್ಲೀನರ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಸ ಗ್ಯಾಸ್ಕೆಟ್ ಮತ್ತು ಒಂದು ಭಾನುವಾರ ಇದ್ದರೆ ಈ ಕೆಲಸವಾಗುತ್ತದೆ. ವಾಲ್ವ್‌ನ ವಿದ್ಯುತ್ ಭಾಗವನ್ನು ಮಾತ್ರ ದ್ರಾವಣದಲ್ಲಿ ಅದ್ದಬೇಡಿ.

ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಗಾಳಿ ತೆಗೆಯದೆ ಸ್ಟಾರ್ಟ್ ಹೊಡೆಯಬೇಡಿ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್‌ಗಳಿಗೆ ಹೋಗುವ ಲೋಹದ ಪೈಪುಗಳ ನಟ್ಟಿಗೆ ಸ್ಪ್ಯಾನರ್ ತಾಗಿಸಲೇಬೇಡಿ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್‌ನೊಳಗಿನ ಒತ್ತಡ ಸಾವಿರ ಬಾರ್‌ಗಳನ್ನೂ ಮೀರುತ್ತದೆ, ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿಕೊಂಡು ಹೋಗುತ್ತದೆ. ಹಳೆಯ ಅಂಬಾಸಿಡರ್ ಡೀಸೆಲ್‌ನಲ್ಲಿ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುತ್ತಿದ್ದ ಪದ್ಧತಿ ಇಲ್ಲಿ ಸಲ್ಲದು.

ಇಷ್ಟೆಲ್ಲ ಮಾಡಿದರೂ ಖರ್ಚು ನಿಮ್ಮ ಮೊತ್ತದ ಸಣ್ಣ ಪಾಲನ್ನು ದಾಟದು. ಆಮೇಲೆ ಇನ್ನೊಮ್ಮೆ ಆಗುಂಬೆ ಹತ್ತಿ, ರೀಮ್ಯಾಪ್ ಬೇಕೇ ಎಂದು ಆಗ ನಿರ್ಧರಿಸಿ.

ಉತ್ತರ 2 – ಬಯಲುಸೀಮೆ ಟರ್ಬೊ

ಹಳೇ ಸ್ಪ್ಯಾನರ್ ಅವರು ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಅವರ ಧಾಟಿಯಲ್ಲಿ ರೀಮ್ಯಾಪ್‌ನ ಬಗ್ಗೆ ಇರುವ ಅನುಮಾನವನ್ನು ಅಷ್ಟಾಗಿ ಒಪ್ಪಲಾರೆ. ಇದೇ ಎಂಜಿನ್ನಿನ ನನ್ನ ರಿಟ್ಜ್ ಕೆಲವು ವರ್ಷಗಳಿಂದ ರೀಮ್ಯಾಪ್ ಆದ ಸ್ಥಿತಿಯಲ್ಲೇ ದಾವಣಗೆರೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುತ್ತಿದೆ. 2,000ದಿಂದ 3,500 ಆರ್‌ಪಿಎಂವರೆಗಿನ ಎಳೆತದಲ್ಲಿ ಆದ ಬದಲಾವಣೆ ಲಾರಿ ಹಿಂದಿಕ್ಕುವಾಗ ಪ್ರತಿ ಸಲವೂ ಗೊತ್ತಾಗುತ್ತದೆ. ಈ 75 ಪಿಎಸ್ ಎಂಜಿನ್ 95–100 ಪಿಎಸ್ ಆಗುತ್ತದೆಂದು ಟ್ಯೂನರ್‌ಗಳು ಹೇಳಿಕೊಳ್ಳುತ್ತಾರೆ. ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಮೊದಲು ಮತ್ತು ಆಮೇಲೆ ಎರಡೂ ಸಲ ಅಳೆದು ತೋರಿಸುವವರ ಬಳಿ ಮಾತ್ರ ಹೋಗಿ, ಇಸಿಯುವಿನ ಮೂಲ ಸಾಫ್ಟ್‌ವೇರ್ ಫೈಲನ್ನು ಕಾಪಿ ಮಾಡಿ ನಿಮಗೂ ಒಂದು ಪ್ರತಿ ಕೊಡುವಂತೆ ಕೇಳಿ.

ಆದರೆ ನಿಮ್ಮ ದೂರು 2,000ಕ್ಕಿಂತ ಕೆಳಗಿನದು. ಅಲ್ಲಿ ರೀಮ್ಯಾಪ್ ಮಾಡಬಲ್ಲದ್ದು ಬಹಳ ಕಡಿಮೆ, ಏಕೆಂದರೆ ಟರ್ಬೊ ಗಾಳಿ ಕೊಡದಿರುವಾಗ ಸಾಫ್ಟ್‌ವೇರ್ ಹೆಚ್ಚು ಡೀಸೆಲ್ ಸುರಿದರೆ ಅದು ಹೊಗೆಯಾಗಿ ಹೋಗುತ್ತದೆಯೇ ಹೊರತು ಬಲವಾಗುವುದಿಲ್ಲ. ಎರ್ಟಿಗಾದಲ್ಲಿ ಬಂದ ಇದೇ ಎಂಜಿನ್ನಿನ 90 ಪಿಎಸ್ ರೂಪದಲ್ಲಿ 1,750 ಆರ್‌ಪಿಎಂಗೇ 200 ಎನ್‌ಎಂ ಸಿಗುವುದು ಅದರ ಟರ್ಬೊದೊಳಗೆ ಕೋನ ಬದಲಾಯಿಸುವ ಎಲೆಗಳಿರುವುದರಿಂದ. ನಿಮ್ಮ ಟರ್ಬೊದಲ್ಲಿ ಅವಿಲ್ಲ. ಆ ಟರ್ಬೊವನ್ನು ತಂದು ಇದಕ್ಕೆ ಕೂರಿಸುತ್ತೇವೆ ಎನ್ನುವವರು ಸಿಕ್ಕಾರು. ಅದನ್ನು ನಿಯಂತ್ರಿಸುವ ಇಸಿಯು ವ್ಯವಸ್ಥೆಯೂ ಬದಲಾಗಬೇಕಾದ್ದರಿಂದ ಅಷ್ಟು ಹಣದಲ್ಲಿ ಎರ್ಟಿಗಾವನ್ನೇ ಹುಡುಕುವುದು ಲೇಸು. ಆಗುಂಬೆಯ ತಿರುವಿಗೆ ಸದ್ಯದ ಮದ್ದು, ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಸುವುದು. ಅದರಲ್ಲಿ ಅವಮಾನವೇನೂ ಇಲ್ಲ.

ರೀಮ್ಯಾಪ್ ಮಾಡಿಸುವುದಾದರೆ ಕ್ಲಚ್ಚಿಗೆ ಹಣ ತೆಗೆದಿಡಿ. ಹಳೆಯ ಪ್ಲೇಟು ಕಂಪನಿಯ ಟಾರ್ಕನ್ನು ಹೇಗೋ ತಾಳಿಕೊಂಡಿರುತ್ತದೆ, ಹೆಚ್ಚಾದ ಟಾರ್ಕ್ ಬಂದ ಕೂಡಲೇ ನಾಲ್ಕನೇ, ಐದನೇ ಗೇರಿನಲ್ಲಿ ಜಾರತೊಡಗುತ್ತದೆ. ರೈಲ್ ಒತ್ತಡದ ಸೆನ್ಸರಿಗೆ ಸುಳ್ಳು ಸಂಕೇತ ಕೊಟ್ಟು ಹೆಚ್ಚು ಡೀಸೆಲ್ ಹರಿಸುವ ಅಗ್ಗದ ಟ್ಯೂನಿಂಗ್ ಬಾಕ್ಸ್‌ಗಳನ್ನು ಮುಟ್ಟಬೇಡಿ. ನಿಜವಾದ ಒತ್ತಡ ಎಷ್ಟಿದೆ ಎಂಬುದು ಇಸಿಯುಗೇ ಗೊತ್ತಿಲ್ಲದ ಸ್ಥಿತಿಯಲ್ಲಿ ಪಂಪು, ಇಂಜೆಕ್ಟರ್‌ಗಳು ದುಡಿಯುತ್ತಿರುತ್ತವೆ. ಶಂಕು ಫಿಲ್ಟರ್ ಬೇಡ: ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ, ಅದಕ್ಕೆ ಹಚ್ಚುವ ಎಣ್ಣೆ ಗಾಳಿಯಳತೆಯ ಸೆನ್ಸರಿನ ಮೇಲೆ ಕೂರುತ್ತದೆ.

ಉತ್ತರ 3 – ತೀರ್ಥಹಳ್ಳಿ ತಿರುವು

ಎಂಜಿನ್ನಿನ ವಿಷಯ ಇಬ್ಬರೂ ಹೇಳಿದ್ದಾರೆ. ಕಾಗದಪತ್ರ ಮತ್ತು ಚಕ್ರದ ಬಗ್ಗೆ ನನ್ನದಿಷ್ಟು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ದೊಡ್ಡ ಬಾಯಿಯ ಸೈಲೆನ್ಸರ್ ನಿಮ್ಮ ಪಟ್ಟಿಯಲ್ಲೆಲ್ಲ ಬಲು ಬೇಗ ಸಿಕ್ಕಿಬೀಳುವ ವಸ್ತು. ಡೀಸೆಲ್ ಎಂಜಿನ್‌ಗೆ ಅದರಿಂದ ಇಂಪಾದ ಸದ್ದೇನೂ ಬರುವುದಿಲ್ಲ, ಟ್ರ್ಯಾಕ್ಟರಿನ ಸದ್ದು ಬರುತ್ತದೆ. ರೀಮ್ಯಾಪ್ ಹೊರಗೆ ಕಾಣದಿದ್ದರೂ, ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ಕ್ಲೇಮಿನ ಹೊತ್ತಿನಲ್ಲಿ ತಕರಾರಿಗೆ ದಾರಿ ಮಾಡಿಕೊಡಬಹುದು. ಹೊಗೆ ತಪಾಸಣೆಯನ್ನೂ ಮರೆಯಬೇಡಿ. ನಿಮ್ಮ ಆರ್‌ಸಿಯಲ್ಲಿ ಬಿಎಸ್-4 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) ಎಂದಿದ್ದರೆ ಹೊಗೆಯ ದಟ್ಟಣೆಯ ಮಿತಿ 1.62, ಅದಕ್ಕಿಂತ ಹಿಂದಿನದಾಗಿದ್ದರೆ 2.45. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ದೆಹಲಿ ಸುತ್ತಮುತ್ತಲಿನ ನಿರ್ಬಂಧ ನಮಗೆ ಅನ್ವಯಿಸುವುದಿಲ್ಲ. ಆದರೆ 2013ರಲ್ಲಿ ನೋಂದಣಿಯಾದ ಕಾರಿಗೆ 2028ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಆಗ ಆರ್‌ಸಿ ನವೀಕರಣಕ್ಕೆ ಕಾರನ್ನು ತಪಾಸಣೆಗೆ ಒಯ್ಯಲೇಬೇಕು. ಆದ್ದರಿಂದ ತೆಗೆದ ಮೂಲ ಭಾಗ ಯಾವುದನ್ನೂ ಗುಜರಿಗೆ ಹಾಕಬೇಡಿ.

ಚಕ್ರಕ್ಕೆ 16 ಇಂಚು ಬೇಡ, ಬದಲಾಯಿಸಲೇಬೇಕೆಂದರೆ 15 ಇಂಚು ಸಾಕು. ನಿಮ್ಮ ವಿಡಿಐಗೆ ಕಂಪನಿಯಿಂದ ಬಂದದ್ದು 14 ಇಂಚಿನ ಚಕ್ರದ 165/80 ಆರ್14 ಟೈರು, ಇದೇ ಕಾರಿನ ಮೇಲಿನ ದರ್ಜೆಯಾದ ಝಡ್‌ಡಿಐಗೆ ಬಂದದ್ದು 15 ಇಂಚಿನ 185/65 ಆರ್15. ಮೊದಲನೆಯದರ ವ್ಯಾಸ ಸುಮಾರು 620 ಮಿ.ಮೀ., ಎರಡನೆಯದು ಸುಮಾರು 622 ಮಿ.ಮೀ.; ಎಂದರೆ ಸ್ಪೀಡೋಮೀಟರಿನ ಲೆಕ್ಕ ತಪ್ಪುವುದಿಲ್ಲ, ಗೇರಿನ ಅನುಪಾತವೂ ಬದಲಾದಂತೆ ಅನಿಸುವುದಿಲ್ಲ. ಕಂಪನಿಯೇ ಕೊಟ್ಟ ಅಳತೆಯಾದ್ದರಿಂದ ಅದರ ಬಗ್ಗೆ ಆಕ್ಷೇಪಣೆ ಬಂದರೂ ಉತ್ತರ ಕೊಡುವುದು ಸುಲಭ. 16 ಇಂಚಿಗೆ ಹೋದರೆ ಟೈರಿನ ಗೋಡೆ ಗಿಡ್ಡವಾಗಿ, ಮಳೆಗಾಲ ಮುಗಿದ ಮೇಲಿನ ನಮ್ಮ ಗುಂಡಿಗಳಲ್ಲಿ ಅಲಾಯ್ ರಿಮ್ಮು ಸೀಳುತ್ತದೆ. ಟೈರಿಗೆ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಆವಿಯಾದರೆ ಪೆಡಲ್ ತಳಕ್ಕೆ ಹೋಗುತ್ತದೆ. ನೀವು ಹತ್ತುವ ಬಗ್ಗೆ ಮಾತ್ರ ಕೇಳಿದ್ದೀರಿ. ಇಳಿಯುವುದೂ ಅದೇ ಘಾಟಿ.

ಮಲೆನಾಡಿನವರಿಗೆಂದು ಇನ್ನೊಂದು ಮಾತು: ಹವ್ಯಾಸದ ಕಾರು ವಾರಗಟ್ಟಲೆ ನಿಂತಲ್ಲೇ ನಿಂತಿದ್ದರೆ ಇಲಿಗಳು ವೈರು ಕಡಿಯುತ್ತವೆ. ಕೆಲವರು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿಡುತ್ತಾರೆ. ಅದಕ್ಕಿಂತ ಆಗಾಗ ಬಾನೆಟ್ಟು ತೆರೆದು ನೋಡುವುದೇ ನನಗೆ ಹೆಚ್ಚು ನೆಚ್ಚಿಕೆಯ ದಾರಿ ಎನಿಸಿದೆ.

ಕೊಪ್ಪದ ಡೀಸೆಲ್

ಮೂವರಿಗೂ ಧನ್ಯವಾದಗಳು. 16 ಇಂಚು, ಸೈಲೆನ್ಸರ್, ಶಂಕು ಫಿಲ್ಟರ್ ಮೂರನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ಹೇಗೂ ಇಜಿಆರ್ ಬಿಚ್ಚುವುದರಿಂದ, ಅದಕ್ಕೆ ತಗಡು ಕೊಟ್ಟು ಶಾಶ್ವತವಾಗಿ ಮುಚ್ಚಿಬಿಡಿ ಎಂದು ಊರಿನ ಮೆಕ್ಯಾನಿಕ್ ಒಬ್ಬರು ಹೇಳುತ್ತಿದ್ದಾರೆ. ಜೊತೆಗೆ ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ತಿರುಗಾಟಕ್ಕೆ ತಕ್ಕಂತೆ ವಾಲ್ವ್‌ಗಳನ್ನು ನಡೆಸುವ ಪಟ್ಟಿ) ಇಲ್ಲ, ಚೈನ್ ಇದೆ, ಅದನ್ನು ಎಂದೂ ಮುಟ್ಟಬೇಕಾಗಿಲ್ಲ ಎಂದೂ ಅವರೇ ಹೇಳಿದರು. ಇವೆರಡರ ಬಗ್ಗೆ ಏನನ್ನುತ್ತೀರಿ?

ಹಳೇ ಸ್ಪ್ಯಾನರ್

ತಗಡು ಬೇಡ. ಇಜಿಆರ್ ಇರುವುದು ದಹನದ ಉಷ್ಣತೆಯನ್ನು ತಗ್ಗಿಸಿ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡಲು; ಅದನ್ನು ಮುಚ್ಚುವುದು ಮಾಲಿನ್ಯ ನಿಯಂತ್ರಣದ ಸಾಧನವನ್ನೇ ತೆಗೆದುಹಾಕಿದಂತೆ. ನಿರೀಕ್ಷಿಸಿದ ಗಾಳಿಯ ಅಳತೆಗೂ ಸೆನ್ಸರ್ ಹೇಳುವ ಅಳತೆಗೂ ತಾಳೆಯಾಗದೆ ಇಸಿಯು ಎಂಜಿನ್ ದೀಪವನ್ನೂ ಬೆಳಗಿಸಬಹುದು. ಸ್ವಚ್ಛ ಮಾಡಿ ಹಾಗೆಯೇ ಜೋಡಿಸಿ.

ಚೈನಿನ ಮಾತು ಅರ್ಧ ಸತ್ಯ. ಅದಕ್ಕೆ ಬೆಲ್ಟಿನಂತೆ ಇಂತಿಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂಬ ಗಡುವಿಲ್ಲ, ನಿಜ. ಆದರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಎಂಜಿನ್ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಬದಲಾವಣೆ ತಪ್ಪಿದ, ಮಟ್ಟ ಇಳಿದ ಎಂಜಿನ್‌ಗಳಲ್ಲಿ ಚೈನು ಬೇಗ ಹಿಗ್ಗುತ್ತದೆ; ಹಲ್ಲು ಹಾರಿದರೆ ಅಥವಾ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು, ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು ಮುರಿಯುತ್ತವೆ. ನಿಮ್ಮ ಕಾರಿನ ದಾಖಲೆ ಅರ್ಧ ಮಾತ್ರ ಇದೆ ಎಂದಿರುವುದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಬಾನೆಟ್ ತೆರೆದಿಟ್ಟು ಬೇರೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಗೇರ್‌ಬಾಕ್ಸ್‌ಗೆ ಎದುರು ಬದಿಯಿಂದ, ಡೀಸೆಲ್ಲಿನ ಎಂದಿನ ಸದ್ದಿಗಿಂತ ಬೇರೆಯಾದ ಲೋಹದ ಗಲಗಲ ಸದ್ದು ಕೆಲವು ಕ್ಷಣ ಕೇಳಿ ನಿಂತರೆ ಚೈನ್ ಕಿಟ್‌ಗೆ ಹಣ ಎತ್ತಿಡಿ, ರೀಮ್ಯಾಪ್ ಮುಂದಿನ ವರ್ಷಕ್ಕಿರಲಿ. ಆ ಕೆಲಸ ಅಂಗಳದಲ್ಲಿ ಮಾಡುವಂಥದ್ದಲ್ಲ; ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ನಿಶ್ಚಿತ ಸ್ಥಾನದಲ್ಲಿ ಹಿಡಿದಿಡುವ ಲಾಕ್ ಪಿನ್ನುಗಳು ಇರುವ ಗ್ಯಾರೇಜಿನಲ್ಲೇ ಆಗಬೇಕು. ಚೈನು, ಹಲ್ಲುಚಕ್ರ, ಗೈಡ್, ಟೆನ್ಷನರ್ ಎಲ್ಲವೂ ಒಟ್ಟಿಗೆ ಬದಲಾಗಬೇಕು, ಎಂಜಿನ್ ತಳದ ಆಯಿಲ್ ತಟ್ಟೆಯಾದ ಸಂಪ್ ಇಳಿಸಿದಾಗ ಆಯಿಲ್ ಜಾಲರಿಯನ್ನೂ ತೊಳೆಯಿಸಬೇಕು. ಸದ್ದೇನೂ ಕೇಳದಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನು 10,000 ಕಿಲೋಮೀಟರಿಗೆ, ಕಾರು ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಬದಲಾಯಿಸುತ್ತಾ, ಡಿಪ್‌ಸ್ಟಿಕ್ಕನ್ನು ಪ್ರತಿ ಭಾನುವಾರ ನೋಡಿ. ಇಜಿಆರ್ ಬಿಚ್ಚಿದಾಗ ಮ್ಯಾನಿಫೋಲ್ಡ್‌ನ ಚಿತ್ರವನ್ನು ಇಲ್ಲಿ ಹಾಕಿ. ಎಷ್ಟು ಕಟ್ಟಿಕೊಂಡಿದೆ ಎಂಬುದನ್ನು ನೋಡಿ, ಇಂಜೆಕ್ಟರ್‌ಗಳನ್ನೂ ಪರೀಕ್ಷೆಗೆ ಕಳಿಸಬೇಕೇ ಎಂದು ಹೇಳುತ್ತೇನೆ.