ಪುಟ್ಟಿ ಕೇಳಿದ ‘ನಿಮಾನಿಕ್’

ಪುಟ್ಟೀ, ‘ನಿಮಾನಿಕ್’ ಎಂದರೇನು, ಅದನ್ನು ಹೇಗೆ ಬಳಸಬೇಕು ಎಂದು ಬೆಳಿಗ್ಗೆ ಇಲ್ಲಿ ಕೇಳಿದ್ದೆಯಲ್ಲ. ಭಾವ ಅದಕ್ಕೆ ‘ಶ್ವಾಸಕೋಶಕ್ಕೆ ಸಂಬಂಧಪಟ್ಟದ್ದು’ ಎಂದು ಬರೆದಿದ್ದಾರೆ. ಭಾವ, ಕ್ಷಮಿಸಿ, ನೀವು ಹೇಳುತ್ತಿರುವುದು ನ್ಯುಮಾನಿಕ್, ಪ್ಲೇಗಿನ ಜೊತೆ ಬರುವ ಪದ. ಅದು ‘ಪಿ’ ಅಕ್ಷರದಿಂದ ಶುರುವಾಗುತ್ತದೆ, ಇವಳದು ‘ಎಂ’ನಿಂದ. ಎರಡರಲ್ಲೂ ಮೊದಲ ಅಕ್ಷರವನ್ನು ಬರೆಯುತ್ತಾರೆಯೇ ಹೊರತು ಉಚ್ಚರಿಸುವುದಿಲ್ಲ, ಇಂಗ್ಲಿಷಿನ ದುಂದುಗಾರಿಕೆ!

ಒಂದು ವಿಷಯ ಮರೆಯದಿರಲಿ ಎಂದು ಕಟ್ಟಿಕೊಂಡ ಪದವೋ ಸಾಲೋ ಪದ್ಯವೋ, ಅದೇ ನಿಮಾನಿಕ್. ಮೂಲ ಗ್ರೀಕ್. ವಾಕ್ಯದಲ್ಲಿ ಬಳಸುವಾಗ ‘ಎ ನಿಮಾನಿಕ್ ಫಾರ್’ ಎಂದು ಬರೆದು, ನೆನಪಿಡಬೇಕಾದದ್ದನ್ನು ಅದರ ಮುಂದೆ ಬರೆ. ಕಾಮನಬಿಲ್ಲಿಗೆ ‘ವಿಬ್‌ಗಯಾರ್’ ನಿನಗೆ ಗೊತ್ತೇ ಇದೆ. ಗ್ರಹಗಳಿಗೆ ‘ಮೈ ವೆರಿ ಎಜುಕೇಟೆಡ್ ಮದರ್’ ಎಂದು ಶುರುವಾಗಿ ಕೊನೆಗೆ ‘ನೈನ್ ಪಿಜ್ಜಾಸ್’ ಬಡಿಸುವ ಸಾಲೊಂದಿತ್ತು. 2006ರಲ್ಲಿ ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿದ್ದಿತು, ಪಿಜ್ಜಾಕ್ಕೂ ಕುತ್ತು ಬಂತು, ಈಗ ನೂಡಲ್ಸ್ ಬಡಿಸುತ್ತಾರೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಒಂದು ಕೈ ಮೇಲು ನಮ್ಮ ‘ಯಮಾತಾರಾಜಭಾನಸಲಗಂ’. ಛಂದಸ್ಸಿನ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ, ಅದೇ. ಲಘು (ಗಿಡ್ಡ), ಗುರು (ಉದ್ದ) ಅಕ್ಷರಗಳ ಮೂರರ ಗುಂಪೇ ಗಣ. ಯಗಣ ಬೇಕೇ? ‘ಯ’ದಿಂದ ಮೂರು ಅಕ್ಷರ ಎಣಿಸು: ಯ-ಮಾ-ತಾ. ಒಂದು ಲಘು, ಎರಡು ಗುರು. ಯಗಣವೆಂದರೆ ಅದೇ ತಾನೇ! ಮಗಣಕ್ಕೆ ಒಂದಕ್ಷರ ಮುಂದೆ ಸರಿದರೆ ಮಾ-ತಾ-ರಾ, ಮೂರೂ ಗುರು. ಹೀಗೇ ಸರಿಯುತ್ತಾ ಹೋದರೆ ‘ಸಲಗಂ’ವರೆಗೆ ಎಂಟೂ ಗಣಗಳು ಸಿಗುತ್ತವೆ. ಪಿಜ್ಜಾ ಸಾಲು ಗ್ರಹಗಳ ಹೆಸರಿನ ಮೊದಲಕ್ಷರವನ್ನಷ್ಟೇ ಕೊಡುತ್ತದೆ, ಉಳಿದದ್ದನ್ನು ನೀನೇ ಹುಡುಕಿಕೊಳ್ಳಬೇಕು. ಇದರಲ್ಲಿ ಗಣದ ಹೆಸರೂ ಇದೆ, ಲಕ್ಷಣವೂ ಇದೆ.

ಸಂಗೀತದ ಪಾಠಕ್ಕೆ ಹೋಗುತ್ತೀಯಲ್ಲ, ಅಲ್ಲಿಯೂ ಒಂದಿದೆ, ಕಟಪಯಾದಿ. ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಮೇಳಕರ್ತ ರಾಗದ (ಬೇರೆ ರಾಗಗಳಿಗೆ ಮೂಲವಾದ ರಾಗ) ಹೆಸರಿನ ಮೊದಲೆರಡು ಅಕ್ಷರಗಳ ಅಂಕಿಗಳನ್ನು ತಿರುಗಿಸಿ ಓದಿದರೆ ಮೇಳದ ಸಂಖ್ಯೆ. ನೀನು ಸರಳೆ ವರಸೆ ಹಾಡುವ ಮಾಯಾಮಾಳವಗೌಳವನ್ನೇ ತೆಗೆದುಕೋ: ‘ಮ’ ಐದು, ‘ಯ’ ಒಂದು, ತಿರುಗಿಸಿದರೆ 15. ಎಪ್ಪತ್ತೆರಡು ಮೇಳಗಳಿಗೂ ಇದೇ ಲೆಕ್ಕ. ಈ ಲೆಕ್ಕಕ್ಕೆ ಹೊಂದಲೆಂದೇ ಶಂಕರಾಭರಣಕ್ಕೆ ‘ಧೀರ’ ಅಂಟಿಸಿದ್ದಾರೆ. ‘ಧ’ ಒಂಬತ್ತು, ‘ರ’ ಎರಡು. ಭಾವ, ಎಷ್ಟನೆಯ ಮೇಳ, ನೀವು ಹೇಳಿ ನೋಡೋಣ.