ಎರಿಕ್ಸನ್ ಮತ್ತೆ ಆಡಲು ಸಾಧ್ಯವಾದದ್ದು ಹೇಗೆ?

ಪ್ರಶ್ನೆ: 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧದ ಯೂರೋ ಫುಟ್‌ಬಾಲ್ ಪಂದ್ಯದ ಮೊದಲಾರ್ಧ ಮುಗಿಯುತ್ತಿದ್ದಾಗ, ಥ್ರೋ-ಇನ್ ಪಡೆಯಲು ಬಂದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಯಾರೂ ತಾಗದೆಯೇ ಕುಸಿದು ಬಿದ್ದರು. ಹೃದಯವೇ ನಿಂತಿದ್ದ ಆಟಗಾರ ಮುಂದಿನ ಫೆಬ್ರುವರಿಯಲ್ಲಿ ಮತ್ತೆ ಮೈದಾನಕ್ಕಿಳಿದದ್ದು ಹೇಗೆ?

ಉತ್ತರ 1: ಮೊದಲ ಕೆಲವು ನಿಮಿಷಗಳೇ ಅವರನ್ನು ಉಳಿಸಿದವು. ನಾಯಕ ಸಿಮೋನ್ ಕ್ಯಾರ್ ಓಡಿ ಬಂದರು, ವೈದ್ಯರು ಎದೆಯನ್ನು ಒತ್ತುತ್ತ ಸ್ಥಳದಲ್ಲೇ ಡಿಫಿಬ್ರಿಲೇಟರ್‌ನಿಂದ ವಿದ್ಯುತ್ ಆಘಾತ ಕೊಟ್ಟರು, ಸಹ ಆಟಗಾರರು ಕಣ್ಣೀರಿಡುತ್ತಲೇ ಸುತ್ತ ನಿಂತು ಕ್ಯಾಮೆರಾಗಳಿಂದ ಅವರನ್ನು ಮರೆಮಾಡಿದರು. ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲೂ ಆ ಯಂತ್ರವಿರಬೇಕು, ಅದನ್ನು ಬಳಸಬಲ್ಲವರೂ ಇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಉತ್ತರ 2: ಅನಂತರ ಅವರ ದೇಹದಲ್ಲಿ ಐಸಿಡಿ ಎಂಬ ಪುಟ್ಟ ಸಾಧನವನ್ನು ಅಳವಡಿಸಲಾಯಿತು. ಅದು ಹೃದಯದ ಲಯವನ್ನು ಸದಾ ಗಮನಿಸುತ್ತಿದ್ದು, ಲಯ ಅಪಾಯಕರವಾಗಿ ತಪ್ಪಿದಾಗ ತಾನಾಗಿಯೇ ಆಘಾತ ನೀಡಿ ಸರಿಪಡಿಸುತ್ತದೆ. ಈ ಸಾಧನದೊಂದಿಗೆ ಆಡಲು ಇಟಲಿಯ ನಿಯಮಗಳು ಅವಕಾಶ ಕೊಡದ ಕಾರಣ ಅಲ್ಲಿನ ಇಂಟರ್ ಮಿಲಾನ್ ಕ್ಲಬ್ ಜೊತೆಗಿನ ಒಪ್ಪಂದ ಕೊನೆಗೊಂಡಿತು, ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಅವರನ್ನು ಸೇರಿಸಿಕೊಂಡಿತು.

ಉತ್ತರ 3: ಇಟಲಿಯ ನಿಯಮವನ್ನು ನಿರ್ದಯವೆನ್ನಲು ನನಗೆ ಮನಸ್ಸಾಗದು, ಏಕೆಂದರೆ ಸಾಧನವು ಲಯ ತಪ್ಪಿದ ಮೇಲೆ ಕಾಪಾಡುತ್ತದೆಯೇ ಹೊರತು ಮೂಲ ಕಾರಣವನ್ನು ಗುಣಪಡಿಸುವುದಿಲ್ಲ. ಆದರೂ ನೆದರ್ಲೆಂಡ್ಸ್‌ನ ಡೇಲಿ ಬ್ಲಿಂಡ್ ಅದಕ್ಕೂ ಮೊದಲೇ ಐಸಿಡಿಯೊಂದಿಗೆ ಆಡುತ್ತಿದ್ದರು. ಎರಿಕ್ಸನ್ ಅಂತೂ 2024ರ ಯೂರೋದಲ್ಲಿ ಸ್ಲೊವೇನಿಯಾ ವಿರುದ್ಧ ಗೋಲನ್ನೇ ಹೊಡೆದರು.