ನಿಧಿ ಬೇಟೆಯ ಥ್ರಿಲ್ಲರ್ ಅರ್ಧಕ್ಕೆ ನಿಂತಿದೆ: ಮುಂದೆ ಓದಲಾ, ಬಿಡಲಾ?

ಕಲಬುರಗಿ_ಓದುಗ:

ನಮಸ್ಕಾರ ರೀ ಎಲ್ಲರಿಗೂ. ಒಂದು ದಪ್ಪ ಇಂಗ್ಲಿಷ್ ಥ್ರಿಲ್ಲರ್ ಹಿಡಿದು ಕೂತಿದ್ದೇನೆ. ಹೆಸರು ಹೇಳುವುದಿಲ್ಲ, ಹೇಳಿದರೆ ಲೇಖಕರ ಅಭಿಮಾನಿಗಳು ಬಂದು ಜಗಳ ಶುರು ಮಾಡುತ್ತಾರೆ, ಕಥೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಈಜಿಪ್ಟಿನ ಮರಳಿನಡಿ ಯಾರೂ ಮುಟ್ಟದ ರಾಜನ ಗೋರಿ. ಒಳಗೆ ಮೂರು ಸಾವಿರ ವರ್ಷದ ಬಂಗಾರ. ಸೈನ್ಯ ಬಿಟ್ಟು ಬಂದ ನಾಯಕ, ಹಳೇ ಲಿಪಿ ಓದಬಲ್ಲ ಪ್ರೊಫೆಸರ್ ಹುಡುಗಿ, ಬೆನ್ನ ಹಿಂದೆ ಕೋಟ್ಯಧಿಪತಿಯೊಬ್ಬನ ಬಾಡಿಗೆ ಗೂಂಡಾಗಳು. ಇಂಥದ್ದು ನೀವೂ ಓದಿರುತ್ತೀರಿ.

ಶುರು ಮಾತ್ರ ಭಾರಿ ಇದೆ. ಕೈರೋದ ಹಳೇ ಸಂತೆಯಲ್ಲಿ ಒಂದು ನಕಾಶೆ ಕೈ ಬದಲಾಗುವ ಭಾಗ ಓದುವಾಗ ಕರೆಂಟ್ ಹೋದರೂ ಮೊಬೈಲ್ ಟಾರ್ಚ್ ಹಾಕಿ ಓದಿದೆ. ಆದರೆ ಗೋರಿಯೊಳಗೆ ಕಾಲಿಟ್ಟ ಮೇಲೆ ಬೇಜಾರು ಶುರುವಾಯಿತು. ಒಂದು ಬಾಗಿಲು, ಒಂದು ಒಗಟು, ಎರಡು ನಿಮಿಷದಲ್ಲಿ ಉತ್ತರ. ಮತ್ತೊಂದು ಬಾಗಿಲು, ಮತ್ತೊಂದು ಒಗಟು. ಗೋಡೆಯಿಂದ ಬಾಣ ಹಾರುತ್ತವೆ, ನೆಲ ಬಾಯಿ ಬಿಡುತ್ತದೆ, ಕಲ್ಲಿನ ಚಕ್ರ ತಿರುಗುತ್ತದೆ, ಎಲ್ಲವೂ ಮೂರು ಸಾವಿರ ವರ್ಷ ಆದ ಮೇಲೂ ನಿನ್ನೆ ಎಣ್ಣೆ ಬಿಟ್ಟಂತೆ ಓಡುತ್ತಿವೆ. ನಮ್ಮ ಹೊಲದ ಬೋರ್ ಮೋಟರ್ ಒಂದು ಬೇಸಿಗೆ ಸುಮ್ನೆ ಬಿಟ್ಟರೆ ತಿರುಗುವುದಿಲ್ಲ ರೀ!

ಇನ್ನೂ ಅರ್ಧ ಪುಸ್ತಕ ಬಾಕಿ ಇದೆ. ಇಂಥ ಪುಸ್ತಕ ನಿಮಗೆ ಯಾಕೆ ಇಷ್ಟ, ಅಥವಾ ಯಾಕೆ ಇಷ್ಟ ಇಲ್ಲ? ನಿಜವಾದ ಗೋರಿಗಳಲ್ಲಿ ಇಂಥ ಬಲೆ ಏನಾದರೂ ಸಿಕ್ಕಿವೆಯಾ? ಇನ್ನೊಂದು ವಿಷಯ, ಇದನ್ನೇ ನಮ್ಮ ಕಡೆ ಇಟ್ಟು ಬರೆದರೆ ಓದುತ್ತೀರಾ?

ಬೀದರ್_ಬಿಸಿಲು:

ಅಣ್ಣಾ, ಎಣ್ಣೆ ಯಾರು ಬಿಟ್ಟರು ಅಂತ ಕೇಳುವವರು ಥ್ರಿಲ್ಲರ್ ಮುಟ್ಟಬಾರದು. ನಾನು ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುವವನು. ಕೆಲಸದ ತಲೆಬಿಸಿ ಮರೆಯಬೇಕು, ಪುಟ ತಿರುಗಬೇಕು, ಅಷ್ಟೇ ನನಗೆ ಬೇಕಾದದ್ದು. ಬಾಣ ಹಾರಲಿ ಬಿಡಿ. ನೀವು ಹೇಳಿದ ಪುಸ್ತಕ ಯಾವುದು ಅಂತ ಗೊತ್ತಾಯಿತು ಅನ್ನುವಷ್ಟರಲ್ಲಿ ಇದೇ ಕಥೆಯ ಇನ್ನೂ ನಾಲ್ಕು ಪುಸ್ತಕ ನೆನಪಾದವು, ಅದು ಬೇರೆ ಮಾತು.

ನನ್ನ ತಕರಾರು ವಿಲನ್ ಬಗ್ಗೆ. ಕೋಟಿಗಟ್ಟಲೆ ದುಡ್ಡು ಇರುವವನು ಬಂಗಾರಕ್ಕಾಗಿ ಮರಳುಗಾಡಿಗೆ ಯಾಕೆ ಬರುತ್ತಾನೆ? ಅಂಗಡಿಯಲ್ಲೇ ಕೊಳ್ಳಬಹುದಲ್ಲ! ಇಂಥ ಪುಸ್ತಕದಲ್ಲಿ ವಿಲನ್‌ಗೆ ಒಂದು ಸರಿಯಾದ ಕಾರಣ ಕೊಟ್ಟವರು ಕಡಿಮೆ. ಕೊಟ್ಟರೆ ಆ ಪುಸ್ತಕ ಮರೆಯುವುದಿಲ್ಲ. ನೀವು ಬಿಡಬೇಡಿ, ಮುಗಿಸಿ. ಕೊನೆಗೆ ಗೋರಿ ಕುಸಿಯುತ್ತದೋ ಇಲ್ಲವೋ ಹೇಳಿ. ಕುಸಿದೇ ಕುಸಿಯುತ್ತದೆ, ಬೇಕಾದರೆ ಒಂದು ಪ್ಲೇಟ್ ಮಿರ್ಚಿ ಪಂದ್ಯ.

ಚಿತ್ತಾಪುರ_ಮಾಸ್ತರ್:

ಬಲೆಗಳ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಈಜಿಪ್ಟಿನ ಗೋರಿಗಳ ನಿಜವಾದ ಕಾವಲು ಬಹಳ ಸಪ್ಪೆ. ಕಲ್ಲು, ಮಣ್ಣು, ಜಲ್ಲಿ, ಅಷ್ಟೇ. ಟುಟಂಖಾಮನ್ ಗೋರಿ ತಗೊಳ್ಳಿ. ಅದರ ಮೊದಲ ಮೆಟ್ಟಿಲು ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ತಂಡಕ್ಕೆ ಸಿಕ್ಕಿದ್ದು 1922ರ ನವೆಂಬರ್‌ನಲ್ಲಿ. ಆದರೆ ರಾಜನನ್ನು ಹೂತ ಸ್ವಲ್ಪ ಕಾಲದಲ್ಲೇ ಕಳ್ಳರು ಎರಡು ಸಲ ಒಳಗೆ ಹೊಕ್ಕು ಬಂದಿದ್ದರು. ಮೊದಲ ಕಳ್ಳತನದ ನಂತರ ಕಾವಲಿನವರು ಮಾಡಿದ್ದು ಏನು? ಬಾಣ ಇಡಲಿಲ್ಲ, ಚಕ್ರ ಇಡಲಿಲ್ಲ. ಒಳದಾರಿ ಪೂರ್ತಿ ಸುಣ್ಣಕಲ್ಲಿನ ಚೂರು ತುಂಬಿಸಿದರು. ಎರಡನೇ ಕಳ್ಳರು ಅದರಲ್ಲೂ ಕಂಡಿ ಕೊರೆದರು.

ಗೋರಿ ತೆರೆದವರಿಗೆ ಸಾವು ಅನ್ನುವ ಶಾಪದ ಕಥೆಯೂ ಅಷ್ಟೇ. ಕಾರ್ಟರ್ ಅಗೆತಕ್ಕೆ ದುಡ್ಡು ಹಾಕಿದ್ದ ಲಾರ್ಡ್ ಕಾರ್ನಾರ್ವನ್ 1923ರಲ್ಲಿ ತೀರಿಕೊಂಡರು. ಸೊಳ್ಳೆ ಕಚ್ಚಿದ ಗಾಯ ನಂಜಾಗಿತ್ತು. ಪತ್ರಿಕೆಯವರಿಗೆ ಅಷ್ಟು ಸಾಕಾಯಿತು. ಗೋರಿಯ ಒಳಗೇ ವರ್ಷಗಟ್ಟಲೆ ಕೂತಿದ್ದ ಕಾರ್ಟರ್ ಬದುಕಿದ್ದು 1939ರವರೆಗೆ.

ಬಾಣದ ಬಲೆಯ ಮಾತು ಹಳೇ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಚೀನಾದ ಮೊದಲ ಚಕ್ರವರ್ತಿಯ ಗೋರಿಯಲ್ಲಿ ತಾನಾಗಿ ಬಾಣ ಬಿಡುವ ಬಿಲ್ಲುಗಳಿವೆ, ಪಾದರಸದ ನದಿಗಳಿವೆ ಅಂತ ಅಲ್ಲಿಯ ಹಳೇ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಅಲ್ಲಿಯ ಮಣ್ಣಿನಲ್ಲಿ ಪಾದರಸ ಜಾಸ್ತಿ ಇರುವುದು ಪರೀಕ್ಷೆಯಲ್ಲಿ ಕಂಡಿದೆ. ಆದರೆ ಗೋರಿಯ ನಡುಭಾಗ ಇನ್ನೂ ಯಾರೂ ತೆರೆದಿಲ್ಲ. ಅದರ ಪಕ್ಕದ ಮಣ್ಣಿನ ಸೈನಿಕರು ಹೊರಗೆ ಬಂದದ್ದು 1974ರಲ್ಲಿ, ರೈತರು ಬಾವಿ ತೋಡುವಾಗ. ನಕಾಶೆಯೂ ಇಲ್ಲ, ಒಗಟೂ ಇಲ್ಲ.

ನನಗೆ ಇಂಥ ಪುಸ್ತಕದಲ್ಲಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಟುಟಂಖಾಮನ್ ಗೋರಿಯಲ್ಲಿ 5,000ಕ್ಕೂ ಜಾಸ್ತಿ ವಸ್ತುಗಳಿದ್ದವು. ಒಳಗಿನ ಶವಪೆಟ್ಟಿಗೆಯೇ ಸುಮಾರು 110 ಕಿಲೋ ಬಂಗಾರ. ಆದರೂ ಯಾರೂ ಚೀಲಕ್ಕೆ ತುಂಬಿ ಓಡಲಿಲ್ಲ. ಒಂದೊಂದಕ್ಕೂ ನಂಬರ್ ಹಾಕಿ, ಫೋಟೋ ತೆಗೆದು, ಒಣಗಿ ಪುಡಿಯಾಗುವ ಬಟ್ಟೆಗೆ ಮೇಣ ಹಚ್ಚಿ ಎತ್ತಿ, ಗೋರಿ ಖಾಲಿ ಮಾಡುವಷ್ಟರಲ್ಲಿ ಸುಮಾರು 10 ವರ್ಷ ಆಯಿತು. ಥ್ರಿಲ್ಲರ್‌ನಲ್ಲಿ ಇದೆಲ್ಲ ಹನ್ನೆರಡು ನಿಮಿಷ. ಲಿಪಿ ಓದಬಲ್ಲ ಆ ಹುಡುಗಿ ಇದ್ದಾಳಲ್ಲ, ಅವಳಿಗೆ ಒಂದು ಗೋಡೆ ನೆಟ್ಟಗೆ ಓದಲು ಬಿಡುವುದಿಲ್ಲ. ಬಾಗಿಲು ತೆಗೆಯುವಷ್ಟು ಓದು, ಓಡು. ಅವಳು ಅಲ್ಲಿ ಬರೀ ಕೀಲಿಕೈ.

ಸೇಡಂ_ಅಕ್ಕ:

ಮಾಸ್ತರ್ ಹೇಳಿದ ಕೊನೆಯ ಮಾತಿಗೆ ನನ್ನದೂ ಒಂದು ಸೇರಿಸಿ. ಕೀಲಿಕೈ ಆದ ಮೇಲೆ ಅವಳ ಕಾಲು ಉಳುಕುತ್ತದೆ, ನಾಯಕ ಹೊತ್ತುಕೊಂಡು ಓಡುತ್ತಾನೆ. ಇಂಥ ಎಲ್ಲ ಪುಸ್ತಕದಲ್ಲೂ ಒಂದು ಕಾಲು ಉಳುಕಲೇಬೇಕಾ?

ಆದರೂ ಓದುತ್ತೇನೆ. ಸುಳ್ಳು ಯಾಕೆ ಹೇಳಲಿ. ಊಟ ಆದ ಮೇಲೆ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ, ನಾನು ಒಳಗೆ ಪುಸ್ತಕದ ಮುಂದೆ. ನಮ್ಮೂರ ಪಕ್ಕದಲ್ಲೇ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ. 972ರಲ್ಲಿ ಮಾಳವದ ಪರಮಾರ ವಂಶದ ರಾಜ ಸೀಯಕ ಬಂದು ಅದನ್ನು ಲೂಟಿ ಮಾಡಿದ. ಅಷ್ಟು ದೊಡ್ಡ ರಾಜ್ಯದ ಭಂಡಾರ, ಒಂದು ದಾಳಿ, ಓಡಿಹೋಗುವ ಜನ, ಯಾರೋ ಒಬ್ಬ ಭಂಡಾರದ ಲೆಕ್ಕ ಬರೆಯುವವಳು. ನನಗೆ ಅವಳ ಕಥೆ ಬೇಕು. ಈಜಿಪ್ಟಿಗೆ ವೀಸಾ ಯಾಕೆ ಮಾಡಿಸಬೇಕು?

ಸುರಪುರದವ:

ನಮ್ಮ ಕಡೆ ಇಟ್ಟು ಬರೆಯುವ ಮಾತಿಗೆ ನಾನು ಸ್ವಲ್ಪ ತಡೆ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ನಿಧಿ ಅಂದರೆ ಪುಸ್ತಕದ ಮಾತಲ್ಲ. ಹಳೇ ಗುಡಿ, ಹಾಳು ಕೋಟೆ, ಹೊಲದ ಬದಿಯ ವೀರಗಲ್ಲು, ಯಾವುದನ್ನೂ ನಿಧಿಗಳ್ಳರು ಬಿಟ್ಟಿಲ್ಲ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ತೆಂಗಿನಕಾಯಿ ಇಟ್ಟು ಅಗೆಯುತ್ತಾರೆ. ಬೆಳಗ್ಗೆ ನೋಡಿದರೆ ನಂದಿ ಬುಡಮೇಲು, ಲಿಂಗ ಎರಡು ತುಂಡು. ಈಗ ಲೋಹ ಹುಡುಕುವ ಯಂತ್ರವೂ ಬಂದಿದೆ. ಇನ್ನೊಂದು ಬಗೆಯ ಕಳ್ಳರು ಅಗೆಯುವುದೇ ಇಲ್ಲ. ನಿಮ್ಮ ಹೊಲದಲ್ಲಿ ಕೊಪ್ಪರಿಗೆ ಇದೆ, ಸರ್ಪ ಕಾಯುತ್ತಿದೆ, ಪೂಜೆಗೆ ಇಷ್ಟು ಖರ್ಚು ಅಂತ ತೊಗರಿ ಮಾರಿದ ದುಡ್ಡು ಇಸಿದುಕೊಂಡು ಹೋಗುತ್ತಾರೆ. ನಮ್ಮ ಸಂಬಂಧಿಕರಲ್ಲೇ ಒಬ್ಬರು ಹೀಗೆ ಕಳೆದುಕೊಂಡರು. ಇವತ್ತಿಗೂ ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ.

ಇಂಥ ಜಾಗದಲ್ಲಿ ನಾಯಕ ಗುಡಿ ಒಡೆದು ಬಂಗಾರ ತೆಗೆದ ಅಂತ ಬರೆದರೆ ಓದಿದವನು ಮೊದಲು ಸಲಿಕೆ ಹುಡುಕುತ್ತಾನೆ. ಕಾಯ್ದೆ ಅಂತೂ ಯಾರೂ ಬರೆಯುವುದಿಲ್ಲ. 1878ರಲ್ಲೇ ಬ್ರಿಟಿಷರು ನಿಧಿಯ ಕಾಯ್ದೆ ಮಾಡಿದ್ದರು. 10 ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು ಅಂತ. ನಾಯಕ ಒಮ್ಮೆಯಾದರೂ ಡಿಸಿ ಆಫೀಸಿಗೆ ಹೋದದ್ದು ನೀವು ಓದಿದ್ದೀರಾ?

ಬೀದರ್_ಬಿಸಿಲು:

ಅಣ್ಣಾರ, ಪುಸ್ತಕ ಓದುವವನು ಸಲಿಕೆ ಹಿಡಿಯುವುದಿಲ್ಲ, ಸಲಿಕೆ ಹಿಡಿದವನು ಪುಸ್ತಕ ಓದುವುದಿಲ್ಲ. ಕಳ್ಳರು ಮೊದಲಿಂದಲೂ ಇದ್ದಾರೆ, ಟುಟಂಖಾಮನ್ ಕಾಲದಲ್ಲೇ ಇದ್ದರು ಅಂತ ಮಾಸ್ತರೇ ಹೇಳಿದರಲ್ಲ. ತಪ್ಪು ಥ್ರಿಲ್ಲರ್ ಮೇಲೆ ಹಾಕಬೇಡಿ.

ಸರಿ, ಗುಡಿ ಒಡೆಯದ ಕಥೆ ಬೇಕಾ? ನಮ್ಮ ಬೀದರ್‌ನಲ್ಲಿದೆ. ಮಹಮೂದ್ ಗವಾನ್. ಇರಾನಿನ ಗಿಲಾನ್‌ನಿಂದ ಬಂದವನು ಬಹಮನಿ ರಾಜ್ಯದ ಪ್ರಧಾನಿ ಆದ. 1472ರ ಮದರಸಾ ಅವನದ್ದೇ, ಹೋದವರೆಲ್ಲ ಅದರ ಬಣ್ಣದ ಹಂಚು ನೋಡಿರುತ್ತೀರಿ. ಆಗದವರು ಏನು ಮಾಡಿದರು ಅಂದರೆ, ಅವನ ಮೊಹರು ಕಾಯುವವನನ್ನು ತಮ್ಮ ಕಡೆ ಮಾಡಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಆಮೇಲೆ ಆ ಕಾಗದದಲ್ಲಿ ಶತ್ರು ರಾಜನಿಗೆ ಪತ್ರ ಬರೆದು ಸುಲ್ತಾನನ ಮುಂದೆ ಇಟ್ಟರು. ಸುಲ್ತಾನ ಸರಿಯಾಗಿ ವಿಚಾರಿಸಲೂ ಇಲ್ಲ. 1481ರಲ್ಲಿ ಗವಾನನ ತಲೆ ಹೋಯಿತು.

ಈಗ ನಿಧಿಯ ಭಾಗ ಕೇಳಿ. ಇಷ್ಟು ವರ್ಷ ಪ್ರಧಾನಿ ಆಗಿದ್ದವನ ಮನೆಯಲ್ಲಿ ಭಾರಿ ಗಂಟು ಇರುತ್ತದೆ ಅಂತ ಸುಲ್ತಾನ ಖಜಾಂಚಿಯನ್ನು ಕರೆಸಿದ. ಇತಿಹಾಸಕಾರ ಫೆರಿಷ್ತಾ ಬರೆದ ಪ್ರಕಾರ ಅಲ್ಲಿ ಏನೂ ಇರಲಿಲ್ಲ ಅನ್ನುವಷ್ಟು ಕಡಿಮೆ. ಬಂದದ್ದು ಸೈನ್ಯಕ್ಕೆ, ಆನೆ ಕುದುರೆಗೆ, ಬಡವರಿಗೆ ಹೋಗುತ್ತಿತ್ತಂತೆ. ವಿಲನ್‌ಗೆ ಕಾರಣ ಇದೆ, ಸುಳ್ಳು ಪತ್ರ ಇದೆ, ನಿಧಿ ಹುಡುಕಾಟವೂ ಇದೆ. ಓಡಾಡಲು ಸುರಂಗ ಬೇಕು ಅಂದರೆ ನೌಬಾದ್‌ನ ಸುರಂಗ ಬಾವಿ ಇದೆ. ನೆಲದಡಿ ಸುಮಾರು 3 ಕಿಲೋಮೀಟರ್ ನೀರು ಹರಿಸಲು ಕೊರೆದದ್ದು, ಮೇಲಿಂದ ಅಲ್ಲಲ್ಲಿ ಗಾಳಿ ಬೆಳಕಿಗೆ ಬಾವಿಯಂಥ ಕಂಡಿಗಳು. ಗೂಂಡಾಗಳನ್ನು ಅದರೊಳಗೆ ಓಡಿಸಿ, ಮಳೆ ಬರಿಸಿ. ಇದಕ್ಕಿಂತ ಒಳ್ಳೆ ಬಲೆ ಯಾವ ಪಿರಮಿಡ್‌ನಲ್ಲಿದೆ?

ಸುರಪುರದವ:

ಈ ಕಥೆ ಬರೆದರೆ ನಾನೇ ಮೊದಲು ಕೊಳ್ಳುತ್ತೇನೆ. ಸಲಿಕೆ ಇಲ್ಲ, ಒಪ್ಪಿದೆ. ಆದರೆ ಸಲಿಕೆ ಹಿಡಿದವನು ಪುಸ್ತಕ ಓದುವುದಿಲ್ಲ ಅನ್ನುವ ಮಾತು ಒಪ್ಪುವುದಿಲ್ಲ. ನಮ್ಮ ಸುರಪುರದಲ್ಲೇ 1841ರಿಂದ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸ್ವತಃ ಕಾದಂಬರಿಕಾರ. ಅವನು ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಅಗೆಸಿದ್ದಾನೆ. ಸಿಕ್ಕಿದ್ದು ಮೂಳೆ, ಮಡಿಕೆ, ಕಬ್ಬಿಣದ ಸಾಮಾನು. ಬಂಗಾರ ಸಿಗಲಿಲ್ಲ ಅಂತ ಬಿಸಾಕಿ ಹೋಗಲಿಲ್ಲ. ಯಾವ ಪದರದಲ್ಲಿ ಏನಿತ್ತು ಅಂತ ಚಿತ್ರ ಬರೆದಿಟ್ಟ. ಅದಕ್ಕೇ ಇವತ್ತಿಗೂ ಅವನ ಹೆಸರು ಹೇಳುತ್ತಾರೆ.

ಚಿತ್ತಾಪುರ_ಮಾಸ್ತರ್:

ಸುರಪುರದವರು ಒಳ್ಳೇದು ನೆನಪಿಸಿದಿರಿ. ಬಂಗಾರ ಹುಡುಕಲು ಹೋದವನ ಕಥೆಯೂ ಒಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಅನ್ನುವ ಗಣಿ ಇಂಜಿನಿಯರ್ ಬಂಗಾರದ ಜಾಡು ಹಿಡಿದು ತಿರುಗುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ರಾಜನ ಬಿರುದಷ್ಟೇ ಇತ್ತು. ಆ ದೇವಾನಾಂಪ್ರಿಯ ಅಶೋಕನೇ ಅನ್ನುವುದು ಈ ಬಂಡೆಯಿಂದ ಗಟ್ಟಿಯಾಯಿತು.

ನಮ್ಮ ಕಡೆಯ ಸನ್ನತಿ ಊರಿನ ಕಥೆ ಇನ್ನೂ ಚೆನ್ನಾಗಿದೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಪೀಠದ ಕಲ್ಲು ನೋಡಿದರೆ ಅಶೋಕನ ಶಾಸನ! ಎಷ್ಟೋ ಕಾಲ ಜನ ಅದರ ಮುಂದೆಯೇ ಕೈ ಮುಗಿದು ಬಂದಿದ್ದಾರೆ. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇಡೀ ಬೌದ್ಧ ಸ್ತೂಪ ಹೊರಗೆ ಬಂತು. ಅಲ್ಲಿ ಒಂದು ಕಲ್ಲಿನಲ್ಲಿ ರಾಜ, ರಾಣಿ, ಸುತ್ತ ಸೇವಕಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ರಾಯ ಅಸೋಕೋ ಅಂತ ಕೊರೆದಿದ್ದಾರೆ. ಆ ಐದು ಅಕ್ಷರ ಓದುವವರು ಇಲ್ಲದಿದ್ದರೆ ಅದು ಯಾವನೋ ಒಬ್ಬ ರಾಜ. ನಿಧಿ ಕಥೆಯ ನಿಜವಾದ ಹೀರೋ ಓದುವವರು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಗೋರಿಯ ಗೋಡೆಗೆ ಬಾಂಬ್ ಇಡುವ ನಾಯಕ ಸನ್ನತಿಗೆ ಬಂದಿದ್ದರೆ ಪೀಠದ ಕಲ್ಲನ್ನೇ ಮೊದಲು ಪುಡಿ ಮಾಡುತ್ತಿದ್ದ.

ಕಲಬುರಗಿ_ಓದುಗ:

ಎಲ್ಲರಿಗೂ ಧನ್ಯವಾದ ರೀ. ಪುಸ್ತಕ ಮುಗಿಸಿದೆ.

ಗೋರಿ ಕುಸಿಯಿತು. ಬೀದರ್ ಅಣ್ಣನಿಗೆ ಮಿರ್ಚಿ ಬಾಕಿ. ಅಕ್ಕಾ, ಕಾಲೂ ಉಳುಕಿತು, ಪುಟ 311. ಕೊನೆಯ ಐವತ್ತು ಪುಟ ಮಾತ್ರ ನಿಜವಾಗಿ ಬಿಗಿಯಾಗಿವೆ, ಅದನ್ನು ಒಪ್ಪಲೇಬೇಕು. ನೈಲ್ ನದಿಯ ಮೇಲೆ ದೋಣಿ ಬೆನ್ನಟ್ಟುವ ಭಾಗ ಎರಡು ಸಲ ಓದಿದೆ. ಆದರೆ ಮಾಸ್ತರ್ ಮಾತು ತಲೆಯಲ್ಲಿ ಕೂತಿತ್ತು, ಹಾಗಾಗಿ ಆ ಹುಡುಗಿ ಎಲ್ಲಿ ಏನು ಓದುತ್ತಾಳೆ ಅಂತಲೇ ನೋಡುತ್ತಾ ಹೋದೆ. ಗೋಡೆ ತುಂಬ ಬರಹ ಇರುವ ಕೋಣೆಗೆ ಬರುತ್ತಾರೆ, ಇಲ್ಲಿ ರಾಜನ ಪೂರ್ತಿ ಕಥೆ ಇದೆ ಅನ್ನುತ್ತಾಳೆ, ಅಷ್ಟರಲ್ಲಿ ಗುಂಡಿನ ಸದ್ದು. ಆ ಕಥೆ ಏನು ಅಂತ ಲೇಖಕ ಕೊನೆಗೂ ಹೇಳುವುದಿಲ್ಲ. ನಾಯಕನ ಜೇಬಿನಲ್ಲಿ ಒಂದು ಉಂಗುರ ಉಳಿಯುತ್ತದೆ, ಇಬ್ಬರೂ ನಗುತ್ತಾರೆ, ಮುಗಿಯಿತು. ಐದಕ್ಕೆ ಎರಡೂವರೆ ಕೊಡುತ್ತೇನೆ. ಆ ಎರಡೂವರೆಯಲ್ಲಿ ಎರಡು ಕೈರೋ ಸಂತೆಗೆ ಮತ್ತು ದೋಣಿಗೆ.

ಸೇಡಂ_ಅಕ್ಕ:

ಎರಡೂವರೆ ಜಾಸ್ತಿಯೇ ಆಯಿತು. ಆದರೂ ಪುಸ್ತಕ ನನಗೆ ಕೊಡಿ ತಮ್ಮಾ, ದೋಣಿಯ ಭಾಗ ಓದಬೇಕು. ಬರುವ ವಾರ ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆ ಕೆಲಸ ಇದೆ, ಅಲ್ಲೇ ಇಸಿದುಕೊಳ್ಳುತ್ತೇನೆ. ಮಿರ್ಚಿ ಪಂದ್ಯ ಕೂಡ ಅಲ್ಲೇ ಮುಗಿಸಿ, ನನಗೂ ಒಂದು ಪ್ಲೇಟ್ ಹೇಳಿ.